ಹೆಲಿಕಾಪ್ಟರ್ ಬಿದ್ದ ಮೇಲೆ ಕೇಳಬೇಕಾದ ಎರಡನೇ ಪ್ರಶ್ನೆ

ಎಲ್ಲೇ ಒಂದು ಹೆಲಿಕಾಪ್ಟರ್ ಬೀಳಲಿ, ಆ ಸಂಜೆಯ ಟಿವಿ ಚರ್ಚೆ, ಮಾರನೇ ದಿನದ ಪತ್ರಿಕೆ ಎಲ್ಲವೂ ಒಂದೇ ಪ್ರಶ್ನೆಯ ಸುತ್ತ ಗಿರಕಿ ಹೊಡೆಯುತ್ತವೆ. ಯಾಕೆ ಬಿತ್ತು? ಮಂಜು ಕವಿದಿತ್ತೇ? ಪೈಲಟ್ ಎಡವಿದರೇ? ಎಂಜಿನ್ ಕೈಕೊಟ್ಟಿತೇ? ಕೇಳಲೇಬೇಕಾದ ಪ್ರಶ್ನೆಗಳು, ತಕರಾರಿಲ್ಲ. ಆದರೆ ಅಷ್ಟಕ್ಕೇ ನಿಂತರೆ ಅರ್ಧ ಸುದ್ದಿ ಮಾತ್ರ ಸಿಗುತ್ತದೆ. ಉಳಿದರ್ಧ ಇನ್ನೊಂದು ಪ್ರಶ್ನೆಯಲ್ಲಿದೆ. ಬಿದ್ದಾಗ ಒಳಗಿದ್ದವರು ಯಾಕೆ ಸತ್ತರು? ನೆಲಕ್ಕೆ ಬಡಿದ ಪೆಟ್ಟಿಗೋ, ಆಮೇಲೆ ಹತ್ತಿದ ಬೆಂಕಿಗೋ, ಬೆಲ್ಟು ಬಿಚ್ಚಲಾಗದೆ ನೀರಿನಲ್ಲಿ ಉಸಿರುಗಟ್ಟಿಯೋ?

ಬಸ್ಸಿನ ವಿಷಯದಲ್ಲಿ ಈ ಎರಡನೇ ಪ್ರಶ್ನೆ ಕೇಳುವುದನ್ನು ನಮ್ಮ ಜನ ಕಲಿತಿದ್ದಾರೆ. 2013ರ ಅಕ್ಟೋಬರ್ 30ರ ಬೆಳಗಿನ ಜಾವ, ಬೆಂಗಳೂರಿನಿಂದ ಹೈದರಾಬಾದಿಗೆ ಹೊರಟಿದ್ದ ಬಸ್ಸು ಪಾಲೆಂ ಬಳಿ ಮೋರಿಗೆ ಬಡಿದು ಹೊತ್ತಿ ಉರಿಯಿತು. 45 ಜನ ಸತ್ತರು. ಎರಡು ವಾರದ ಅಂತರದಲ್ಲೇ ಹಾವೇರಿ ಬಳಿ ಇನ್ನೊಂದು ಬಸ್ಸು ಉರಿದು 7 ಜನ ಸತ್ತರು. ಆಗ ಚರ್ಚೆ ಚಾಲಕನ ವೇಗಕ್ಕೆ ಮುಗಿಯಲಿಲ್ಲ. ಡೀಸೆಲ್ ಟ್ಯಾಂಕ್ ಎಲ್ಲಿದೆ, ತುರ್ತು ಬಾಗಿಲು ಇದೆಯೇ, ಗಾಜು ಒಡೆಯಲು ಸುತ್ತಿಗೆ ಇಟ್ಟಿದ್ದಾರೆಯೇ ಎಂದು ಜನ ಕೇಳಿದರು. ಅಪಘಾತ ಆಗಬಾರದು, ಆದರೂ ಆದರೆ ಒಳಗಿದ್ದವರು ಹೊರಬರುವ ಹಾಗಿರಬೇಕು ಎಂಬ ತಿಳಿವಳಿಕೆ ಬಂತು. ಹೆಲಿಕಾಪ್ಟರಿನ ಬಗ್ಗೆಯೂ ಇದೇ ಪ್ರಶ್ನೆ ಏಳಬೇಕು ಎಂಬುದು ನಮ್ಮ ವಾದ. ಇದು ಮಂತ್ರಿ ಮಹೋದಯರ ವಾಹನ, ನಮಗೇಕೆ ಎನ್ನುವ ಕಾಲ ಹೋಗಿದೆ. ಹಂಪಿ ಉತ್ಸವದಲ್ಲಿ, ಮೈಸೂರು ದಸರಾದಲ್ಲಿ ಟಿಕೆಟ್ ಕೊಂಡು ಹೆಲಿಕಾಪ್ಟರ್ ಹತ್ತುವವರು ಸಾಮಾನ್ಯ ಕುಟುಂಬದವರು. ಕೇದಾರನಾಥಕ್ಕೆ ಹೆಲಿಕಾಪ್ಟರಿನಲ್ಲಿ ಹೋಗುವವರಲ್ಲಿ ನಮ್ಮ ಊರುಗಳ ಹಿರಿಯರೂ ಇದ್ದಾರೆ.

ಮೊದಲು ಹೆಲಿಕಾಪ್ಟರಿನ ಒಡಲು ಹೇಗಿದೆ ನೋಡೋಣ. ವಿಮಾನ ಕೆಟ್ಟರೆ ರೆಕ್ಕೆಯ ಬಲದಿಂದ ಮುಂದಕ್ಕೆ ಜಾರುತ್ತಾ ಇಳಿಯಲು ನೋಡುತ್ತದೆ. ಹೆಲಿಕಾಪ್ಟರ್ ಬೀಳುವಾಗ ಬಹುಪಾಲು ಕೆಳಮುಖವಾಗಿಯೇ ಬೀಳುತ್ತದೆ. ಪ್ರಯಾಣಿಕರ ತಲೆಯ ಮೇಲೆ ಗೇರ್‌ಬಾಕ್ಸ್, ರೋಟರ್, ಎಂಜಿನ್ ಎಂಬ ಭಾರದ ಗಂಟು. ಹಲವು ಮಾದರಿಗಳಲ್ಲಿ ಕಾಲ ಕೆಳಗೋ ಬೆನ್ನ ಹಿಂದೆಯೋ ಇಂಧನದ ಟ್ಯಾಂಕ್. ನಡುವೆ ಹಗುರವಾಗಿರಲೆಂದು ತೆಳ್ಳಗೆ ಕಟ್ಟಿದ ಕ್ಯಾಬಿನ್. ಬಿದ್ದಾಗ ಮೇಲಿನದು ಕೆಳಕ್ಕೆ ಕುಸಿಯುತ್ತದೆ, ಕೆಳಗಿನದು ಒಡೆಯುತ್ತದೆ, ನಡುವಿನವರು ಸಿಕ್ಕಿಕೊಳ್ಳುತ್ತಾರೆ.

ಹೀಗೆ ಸಿಕ್ಕಿಕೊಂಡವರನ್ನು ಉಳಿಸುವುದು ಹೇಗೆ ಎಂಬ ಯೋಚನೆಗೆ ನೂರು ವರ್ಷದ ಇತಿಹಾಸವಿದೆ. ಹ್ಯೂ ಡಿಹ್ಯಾವನ್ ಎಂಬ ಅಮೆರಿಕದವರು 1917ರಲ್ಲಿ ಕೆನಡಾದಲ್ಲಿ ಪೈಲಟ್ ತರಬೇತಿಯಲ್ಲಿದ್ದಾಗ ಎರಡು ವಿಮಾನಗಳು ಆಕಾಶದಲ್ಲೇ ಡಿಕ್ಕಿಯಾದವು. ಅವರು ಬದುಕಿದರು. ತನಗಾದ ಒಳಗಾಯಗಳಿಗೆ ಕಾರಣ ಸೊಂಟದ ಬೆಲ್ಟಿನ ಬಕಲ್ಲು ಎಂಬುದು ಅವರ ತಲೆಯಲ್ಲಿ ಕೂತುಬಿಟ್ಟಿತು. ಮುಂದೆ 1942ರಲ್ಲಿ, 50ರಿಂದ 150 ಅಡಿ ಎತ್ತರದಿಂದ ಬಿದ್ದೂ ಬದುಕಿದವರ ಪ್ರಕರಣಗಳನ್ನು ಅಭ್ಯಾಸ ಮಾಡಿ ಬರೆದರು. ಮನುಷ್ಯನ ದೇಹ ನಾವು ಅಂದುಕೊಂಡಿದ್ದಕ್ಕಿಂತ ಗಟ್ಟಿ, ಅವನನ್ನು ಕೊಲ್ಲುವುದು ಬಹಳ ಸಲ ಸುತ್ತಲಿನ ವಸ್ತುಗಳು ಎಂಬುದು ಅವರ ಮಾತಿನ ತಿರುಳು. ಸರಕನ್ನು ಪೆಟ್ಟಿಗೆಗೆ ತುಂಬಿ ಕಳಿಸುವವರಿಗೆ ಗೊತ್ತಿರುವ ವಿದ್ಯೆಯನ್ನೇ ಮನುಷ್ಯರನ್ನು ಕೂರಿಸುವುದಕ್ಕೂ ಬಳಸಿ ಎಂದರು. ನಮ್ಮ ಸಂತೆಗೆ ಮಡಕೆ ತರುವವರು ಗಾಡಿಯಲ್ಲಿ ಹುಲ್ಲು ಹಾಸಿ, ಒಂದಕ್ಕೊಂದು ತಾಗದಂತೆ ಬಿಗಿದು, ಮೇಲೆ ಭಾರ ಹೇರದೆ ತರುವುದಿಲ್ಲವೇ? ಅಷ್ಟೇ. ಪೆಟ್ಟಿಗೆ ಜಜ್ಜಿಹೋಗಬಾರದು, ಒಳಗಿನದು ಬಿಗಿಯಾಗಿರಬೇಕು, ಪೆಟ್ಟನ್ನು ನುಂಗಲು ಮೆತ್ತೆ ಬೇಕು, ಸುತ್ತ ಚೂಪಾದದ್ದು ಇರಬಾರದು, ಬಿದ್ದ ಮೇಲೆ ಬೆಂಕಿ ಹತ್ತಬಾರದು ಮತ್ತು ಹೊರಬರಲು ದಾರಿ ಇರಬೇಕು. ಇಂದಿಗೂ ಎಂಜಿನಿಯರುಗಳು ಲೆಕ್ಕ ಹಾಕುವುದು ಈ ಐದನ್ನೇ.

ಐದರಲ್ಲಿ ಬೆಂಕಿಯ ಮಾತು ಮೊದಲು. ವಿಯೆಟ್ನಾಂ ಯುದ್ಧದಲ್ಲಿ ಅಮೆರಿಕದ ಸೈನಿಕರು ಬಿದ್ದ ಪೆಟ್ಟಿಗೆ ಬದುಕಿಯೂ ಬೆಂಕಿಗೆ ಬಲಿಯಾಗುತ್ತಿದ್ದರು. ಆಗ ಹ್ಯಾರಿ ರಾಬರ್ಟ್‌ಸನ್ ಮತ್ತಿತರರು ಬೇರೆಯೇ ರೀತಿಯ ಟ್ಯಾಂಕ್ ರೂಪಿಸಿದರು. ರಬ್ಬರು ಬೆರೆತ ಗಟ್ಟಿ ಬಟ್ಟೆಯ ಚೀಲದಂಥ ಟ್ಯಾಂಕ್, ಎಳೆದರೆ ತಾನೇ ಕಳಚಿ ಎರಡೂ ತುದಿ ಮುಚ್ಚಿಕೊಳ್ಳುವ ಪೈಪಿನ ಜೋಡಣೆ, ತಲೆಕೆಳಗಾದರೂ ಸೋರದ ವಾಲ್ವು. 1970ರಿಂದ ಸೇನೆಯ ಹೆಲಿಕಾಪ್ಟರುಗಳಿಗೆ ಇದನ್ನು ಅಳವಡಿಸಿದರು. ಬದುಕಬಹುದಾಗಿದ್ದ ಅಪಘಾತಗಳಲ್ಲಿ ಬೆಂಕಿಯಿಂದಾಗುವ ಸಾವು ಅಲ್ಲಿ ಹೆಚ್ಚುಕಡಿಮೆ ನಿಂತೇಹೋಯಿತು. ಅಂದರೆ ಈ ಸಮಸ್ಯೆಗೆ ಮದ್ದು ಸಿಕ್ಕು ಐವತ್ತು ವರ್ಷ ದಾಟಿದೆ.

ಮದ್ದು ಸಿಕ್ಕರೂ ರೋಗಿಗೆ ತಲುಪಲಿಲ್ಲ. ನಾಗರಿಕ ಹೆಲಿಕಾಪ್ಟರುಗಳಿಗೆ ಅಮೆರಿಕ ಈ ನಿಯಮ ತಂದದ್ದು 1994ರಲ್ಲಿ. ನಿಯಮವೇನೋ ಕಟ್ಟುನಿಟ್ಟಾಗಿದೆ. ಟ್ಯಾಂಕಿಗೆ ಶೇಕಡ 80ರಷ್ಟು ನೀರು ತುಂಬಿ 50 ಅಡಿ ಎತ್ತರದಿಂದ ಕೆಳಕ್ಕೆ ಬಿಟ್ಟರೂ ಸೋರಬಾರದು. ಆದರೆ ಅದು ಅನ್ವಯವಾದದ್ದು 1994ರ ನಂತರ ಒಪ್ಪಿಗೆಗೆ ಬರುವ ಹೊಸ ಮಾದರಿಗಳಿಗೆ ಮಾತ್ರ. ಹಳೆಯ ಮಾದರಿಯ ಹೆಲಿಕಾಪ್ಟರನ್ನು ಆಮೇಲೆಯೂ ಹೊಸದಾಗಿ ತಯಾರಿಸಿ ಹಳೆಯ ಟ್ಯಾಂಕಿನಲ್ಲೇ ಮಾರಬಹುದಿತ್ತು. ಪಂಚಾಯಿತಿಯಲ್ಲಿ 1977ರಲ್ಲಿ ಮಂಜೂರಾದ ನಕ್ಷೆ ತೋರಿಸಿ 2013ರಲ್ಲಿ ಹೊಸ ಮನೆ ಕಟ್ಟಿದ ಹಾಗೆ. ಗೋಡೆಗೆ ಸುಣ್ಣ ಹೊಸದು, ನಿಯಮ ಮಾತ್ರ ಹಳೆಯದು.

ಈ ವರ್ಷಗಳನ್ನು ಸುಮ್ಮನೆ ಹೇಳಲಿಲ್ಲ. 2015ರ ಜುಲೈ 3ರಂದು ಅಮೆರಿಕದ ಕೊಲರಾಡೊ ರಾಜ್ಯದ ಫ್ರಿಸ್ಕೊದಲ್ಲಿ ಆಸ್ಪತ್ರೆಯ ಹೆಲಿಪ್ಯಾಡಿನಿಂದ ಮೇಲೆದ್ದ ಆಂಬುಲೆನ್ಸ್ ಹೆಲಿಕಾಪ್ಟರ್ ಅರ್ಧ ನಿಮಿಷದಲ್ಲಿ ಪಕ್ಕದ ವಾಹನ ನಿಲುಗಡೆ ಜಾಗಕ್ಕೆ ಬಿತ್ತು. ಟ್ಯಾಂಕ್ ಒಡೆದು ಇಂಧನ ಹರಿದು ಬೆಂಕಿ ಹತ್ತಿತು. ಪೈಲಟ್ ಸತ್ತರು. ಇಬ್ಬರು ನರ್ಸುಗಳಲ್ಲಿ ಒಬ್ಬರಿಗೆ ದೇಹದ ಶೇಕಡ 90ರಷ್ಟು ಭಾಗ ಸುಟ್ಟಿತು. ಹೆಲಿಕಾಪ್ಟರ್ ತಯಾರಾದದ್ದು 2013ರಲ್ಲಿ, ಆ ಮಾದರಿಗೆ ಒಪ್ಪಿಗೆ ಸಿಕ್ಕಿದ್ದು 1977ರಲ್ಲಿ. ಅಮೆರಿಕದ ಸಾರಿಗೆ ಸುರಕ್ಷತಾ ಮಂಡಳಿ ಲೆಕ್ಕ ತೆಗೆದಾಗ ತಿಳಿದದ್ದೇನೆಂದರೆ, 1994ರ ನಂತರ ತಯಾರಾದ ಹೆಲಿಕಾಪ್ಟರುಗಳಲ್ಲಿ ಸೋರದ ಟ್ಯಾಂಕ್ ಇದ್ದದ್ದು ನೂರಕ್ಕೆ ಹದಿನೈದರ ಆಸುಪಾಸು ಮಾತ್ರ. 2018ರ ಫೆಬ್ರವರಿ 10ರಂದು ಗ್ರ್ಯಾಂಡ್ ಕ್ಯಾನ್ಯನ್ ಕಣಿವೆ ನೋಡಲು ಹೋದ ಬ್ರಿಟನ್ನಿನ ಪ್ರವಾಸಿಗಳ ಹೆಲಿಕಾಪ್ಟರ್ ಬಿದ್ದು ಹೊತ್ತಿ ಉರಿದು ಐವರು ಸತ್ತರು. ಅದೇ ವರ್ಷ ಅಕ್ಟೋಬರಿನಲ್ಲಿ ಕಾನೂನು ತಿದ್ದಿದರು. 2020ರ ಏಪ್ರಿಲ್ 5ರ ನಂತರ ತಯಾರಾಗಿ ಅಲ್ಲಿ ಹಾರುವ ಪ್ರತಿ ಹೆಲಿಕಾಪ್ಟರಿನಲ್ಲೂ, ಮಾದರಿ ಎಷ್ಟೇ ಹಳೆಯದಾಗಿರಲಿ, ಸುರಕ್ಷಿತ ಟ್ಯಾಂಕ್ ಇರಲೇಬೇಕು. ಅದಕ್ಕೂ ಮೊದಲು ತಯಾರಾಗಿ ಹಾರುತ್ತಿರುವವುಗಳನ್ನು ಈ ಕಾನೂನೂ ಮುಟ್ಟಲಿಲ್ಲ.

ಹಾರುತ್ತಿರುವವುಗಳನ್ನು ತಿದ್ದಲು ಆಗುವುದೇ ಇಲ್ಲವೇ? ಆಗುತ್ತದೆ ಎಂದು ಆಸ್ಟ್ರೇಲಿಯಾ ತೋರಿಸಿತು. ಅಲ್ಲಿ ರಾಬಿನ್ಸನ್ ಆರ್44 ಎಂಬ ಚಿಕ್ಕ ಹೆಲಿಕಾಪ್ಟರ್ ಬಹಳ ಬಳಕೆಯಲ್ಲಿದೆ. ಅದರ ಅಲ್ಯೂಮಿನಿಯಂ ಟ್ಯಾಂಕ್ ಸಣ್ಣ ಪೆಟ್ಟಿಗೂ ಒಡೆದು ಬೆಂಕಿ ಹತ್ತಿದ ಪ್ರಕರಣಗಳಾದವು. ತಯಾರಕರೇ 2010ರ ಕೊನೆಯಲ್ಲಿ ಚೀಲದಂಥ ಟ್ಯಾಂಕಿಗೆ ಬದಲಿಸಿಕೊಳ್ಳಿ ಎಂದು ಸೂಚನೆ ಕೊಟ್ಟಿದ್ದರು. ಹಲವರು ಮುಂದೂಡುತ್ತಾ ಬಂದರು. 2013ರ ಮಾರ್ಚ್ 21ರಂದು ಬುಲ್ಲೈ ಟಾಪ್ಸ್ ಎಂಬಲ್ಲಿ ನಾಲ್ವರು ಸತ್ತ ಮೇಲೆ ಅಲ್ಲಿನ ವಿಮಾನಯಾನ ಪ್ರಾಧಿಕಾರ ಏಪ್ರಿಲ್ 30ರ ಗಡುವು ಹಾಕಿತು. ಹೊಸ ಟ್ಯಾಂಕ್ ಇಲ್ಲದಿದ್ದರೆ ಹಾರುವಂತಿಲ್ಲ. ಸೂಚನೆಯಿಂದ ಎರಡು ವರ್ಷದಲ್ಲಿ ಮುಗಿಯದ ಕೆಲಸಕ್ಕೆ ಕೊನೆಗೆ ಗಡುವೇ ಬೇಕಾಯಿತು.

ಇನ್ನು ಸೀಟು. ಸೀಟು ಎಂದರೆ ಕೂರಲು ಎಂದಷ್ಟೇ ನಮ್ಮ ತಿಳಿವಳಿಕೆ. ಹೆಲಿಕಾಪ್ಟರಿನಲ್ಲಿ ಅದು ಬೆನ್ನುಮೂಳೆ ಕಾಯುವ ಯಂತ್ರ. ಲೆಕ್ಕ ಸುಲಭ. ಸೆಕೆಂಡಿಗೆ 9 ಮೀಟರ್ ವೇಗದಲ್ಲಿ ಕೆಳಗೆ ಬರುತ್ತಿರುವವರು 10 ಸೆಂಟಿಮೀಟರ್ ಅಂತರದಲ್ಲಿ ನಿಂತುಬಿಟ್ಟರೆ ದೇಹದ ಮೇಲೆ ಅದರ ತೂಕದ ಸುಮಾರು 40 ಪಟ್ಟು ಬಲ ಬೀಳುತ್ತದೆ. ಅದೇ 40 ಸೆಂಟಿಮೀಟರ್ ಅಂತರದಲ್ಲಿ ನಿಧಾನವಾಗಿ ನಿಂತರೆ ಸುಮಾರು 10 ಪಟ್ಟು ಮಾತ್ರ. ಮೊದಲನೆಯದರಲ್ಲಿ ಬೆನ್ನು ಮುರಿಯುತ್ತದೆ, ಎರಡನೆಯದರಲ್ಲಿ ಎದ್ದು ಹೊರಬರುವ ಸಾಧ್ಯತೆ ಇದೆ. ಆ 30 ಸೆಂಟಿಮೀಟರನ್ನು ಎಲ್ಲಿಂದ ತರುವುದು? ಸ್ವಲ್ಪ ಕಾಲಿನ ಸ್ಕಿಡ್ ಬಾಗಿ, ಸ್ವಲ್ಪ ನೆಲಹಾಸಿನ ಅಡಿಯ ಚೌಕಟ್ಟು ಹಿಸುಕಿಕೊಂಡು, ಉಳಿದದ್ದು ಸೀಟೇ ತನ್ನ ಕಂಬಿಯ ಮೇಲೆ ಹಿಡಿತದಿಂದ ಕೆಳಕ್ಕೆ ಜಾರಿ.

ಅಮೆರಿಕದಲ್ಲಿ 1989ರಿಂದ ಹೊಸ ಮಾದರಿಗಳ ಸೀಟನ್ನು ಗೊಂಬೆ ಕೂರಿಸಿ ಪರೀಕ್ಷಿಸಬೇಕು. ಗೊಂಬೆಯ ಸೊಂಟದ ಮೇಲಿನ ಬೆನ್ನೆಲುಬಿಗೆ ಬೀಳುವ ಒತ್ತಡ 1,500 ಪೌಂಡ್, ಅಂದರೆ ಸುಮಾರು 680 ಕಿಲೋ ದಾಟಬಾರದು. ಸೊಂಟದ ಬೆಲ್ಟಿನ ಜೊತೆ ಭುಜದ ಬೆಲ್ಟು ಯಾಕೆ ಬೇಕು ಎಂಬುದೂ ಇದೇ ಲೆಕ್ಕ. ಸೊಂಟ ಮಾತ್ರ ಕಟ್ಟಿದರೆ ಮೇಲಿನ ದೇಹ ಮುಂದಕ್ಕೆ ಬೀಸಿ ತಲೆ, ಎದೆ ಎದುರಿನದಕ್ಕೆ ಬಡಿಯುತ್ತದೆ. ಪ್ರಜ್ಞೆ ತಪ್ಪಿದವರು ಬೆಂಕಿಯಿಂದ ಓಡಲಾರರು. ಅಮೆರಿಕದ ಸೇನೆ 1974ರಲ್ಲೇ ತನ್ನ ಹೆಲಿಕಾಪ್ಟರುಗಳು ಸೆಕೆಂಡಿಗೆ 12.8 ಮೀಟರ್ ವೇಗದಲ್ಲಿ ಕೆಳಗೆ ಬಡಿದರೂ ಒಳಗಿದ್ದವರು ಬದುಕಬೇಕು ಎಂದು ಗುರಿ ಇಟ್ಟುಕೊಂಡಿತು. ಎಂಟು ಮೀಟರಿಗೂ ಮೇಲಿನಿಂದ ಸುಮ್ಮನೆ ಬಿಟ್ಟ ವಸ್ತು ನೆಲ ಮುಟ್ಟುವ ವೇಗ ಅದು. ಆ ಗುರಿಯನ್ನೇ ಇಟ್ಟುಕೊಂಡು ಬ್ಲ್ಯಾಕ್ ಹಾಕ್ ಹೆಲಿಕಾಪ್ಟರ್ ಕಟ್ಟಿದರು. ನಾಗರಿಕ ಹೆಲಿಕಾಪ್ಟರಿನ ಸೀಟಿಗೂ ಟ್ಯಾಂಕಿನದೇ ಕತೆ. ನಿಯಮ ಹೊಸ ಮಾದರಿಗೆ, ವ್ಯಾಪಾರ ಹಳೆ ಮಾದರಿಗೆ.

ನೀರಿಗೆ ಬಿದ್ದರೆ ಸಮಸ್ಯೆಯೇ ಬೇರೆ. ಮೇಲೆ ಭಾರ ಇರುವುದರಿಂದ ಹೆಲಿಕಾಪ್ಟರ್ ನೀರಿನಲ್ಲಿ ಮಗುಚುತ್ತದೆ. 2018ರ ಮಾರ್ಚ್ 11ರಂದು ನ್ಯೂಯಾರ್ಕಿನ ಈಸ್ಟ್ ನದಿಯಲ್ಲಿ ಆದದ್ದನ್ನು ಜಾಲಿ ರೈಡ್ ನಡೆಸುವ ಪ್ರತಿಯೊಬ್ಬರೂ ಓದಬೇಕು. ಬಾಗಿಲು ತೆರೆದಿಟ್ಟು ಫೋಟೊ ತೆಗೆಯುವ ಹಾರಾಟ ಅದು. ಪ್ರಯಾಣಿಕರು ಬೀಳದಿರಲಿ ಎಂದು ಬೆನ್ನ ಹಿಂದೆ ಪಟ್ಟಿ ಕಟ್ಟಿ ಹೆಲಿಕಾಪ್ಟರಿಗೆ ಬಿಗಿದಿದ್ದರು. ಒಬ್ಬರ ಪಟ್ಟಿಯ ತುದಿ ನೆಲದಲ್ಲಿದ್ದ ಇಂಧನ ಬಂದ್ ಮಾಡುವ ಹಿಡಿಕೆಗೆ ಸಿಕ್ಕಿ ಎಂಜಿನ್ ನಿಂತಿತು. ನೀರಿಗಿಳಿದಾಗ ತೇಲುಚೀಲಗಳು ಸರಿಯಾಗಿ ಉಬ್ಬಲಿಲ್ಲ, ಹೆಲಿಕಾಪ್ಟರ್ ಮಗುಚಿತು. ಮಾಮೂಲಿ ಬೆಲ್ಟು ಹಾಕಿದ್ದ ಪೈಲಟ್ ಹೊರಬಂದರು. ಐವರು ಪ್ರಯಾಣಿಕರೂ ಮುಳುಗಿ ಸತ್ತರು. ಪಟ್ಟಿ ಕತ್ತರಿಸಲು ಚಾಕು ಕೊಟ್ಟಿದ್ದರು. ತಲೆಕೆಳಗಾಗಿ, ತಣ್ಣನೆಯ ನೀರಿನಲ್ಲಿ, ಬೆನ್ನ ಹಿಂದಿನ ಪಟ್ಟಿಯನ್ನು ಕತ್ತರಿಸಿಕೊಳ್ಳಿ ಎಂದರೆ ಏನು ಅರ್ಥ?

ಬ್ರಿಟನ್ ಇದಕ್ಕೂ ಮೊದಲೇ ಪಾಠ ಕಲಿತಿತ್ತು. 2013ರ ಆಗಸ್ಟ್ 23ರಂದು ಸಮುದ್ರದ ತೈಲ ಬಾವಿಗಳಿಂದ ನೌಕರರನ್ನು ತರುತ್ತಿದ್ದ ಹೆಲಿಕಾಪ್ಟರ್ ಸಂಬರೊ ಬಳಿ ನೀರಿಗೆ ಬಿದ್ದು 18 ಜನರಲ್ಲಿ ನಾಲ್ವರು ಸತ್ತರು. ಅದಾದ ಮೇಲೆ ಬಂದ ಬದಲಾವಣೆಗಳು ನೋಡಲು ಸಣ್ಣವು. ತಳ್ಳಿದರೆ ಬಿಚ್ಚಿಕೊಳ್ಳುವ ಕಿಟಕಿಯ ಪಕ್ಕದ ಸೀಟಿನಲ್ಲಷ್ಟೇ ಜನ ಕೂರಬೇಕು, ಇಲ್ಲವೇ ನೀರಿನಡಿ ಉಸಿರಾಡುವ ಉತ್ತಮ ಸಾಧನ ಎಲ್ಲರ ಬಳಿ ಇರಬೇಕು. ಭುಜದ ಅಗಲ 22 ಇಂಚು ಅಥವಾ ಹೆಚ್ಚಿದ್ದವರಿಗೆ ದೊಡ್ಡ ಕಿಟಕಿಯ ಪಕ್ಕದ ಸೀಟು. ದರ್ಜಿ ಅಂಗಿಗೆ ಅಳತೆ ತೆಗೆದಂತೆ ಭುಜದ ಅಳತೆ ತೆಗೆದು ಸೀಟು ಕೊಟ್ಟರು. ನಮ್ಮ ಅರಬ್ಬಿ ಸಮುದ್ರದಲ್ಲೂ ಮುಂಬೈ ಹೈ ತೈಲ ಬಾವಿಗಳಿಗೆ ದಿನವೂ ಹೆಲಿಕಾಪ್ಟರುಗಳು ಹಾರುತ್ತವೆ. 2022ರ ಜೂನ್ 28ರಂದು ಅಲ್ಲಿ ಒಂದು ಹೆಲಿಕಾಪ್ಟರ್ ಸಮುದ್ರಕ್ಕೆ ಬಿದ್ದಾಗ 9 ಜನರಲ್ಲಿ ನಾಲ್ವರು ಸತ್ತರು, ಐವರು ಬದುಕಿದರು. ಆ ಐವರು ಹೇಗೆ ಬದುಕಿದರು, ನಾಲ್ವರಿಗೆ ಏನು ಅಡ್ಡ ಬಂತು ಎಂಬುದು ಮುಂದಿನ ಪ್ರಯಾಣಿಕರಿಗೆ ಅತ್ಯಂತ ಮುಖ್ಯವಾದ ಸುದ್ದಿ.

ಈಗ ಕರ್ನಾಟಕಕ್ಕೆ ಬರೋಣ. 2023ರ ಮೇ 2ರಂದು, ವಿಧಾನಸಭೆ ಚುನಾವಣೆಯ ಪ್ರಚಾರಕ್ಕೆಂದು ಜಕ್ಕೂರಿನಿಂದ ಮುಳಬಾಗಿಲಿಗೆ ಹೊರಟ ಡಿ.ಕೆ. ಶಿವಕುಮಾರ್ ಅವರಿದ್ದ ಹೆಲಿಕಾಪ್ಟರಿಗೆ ಹೊಸಕೋಟೆ ಬಳಿ ಹಕ್ಕಿ ಬಡಿದು ಮುಂದಿನ ಗಾಜು ಒಡೆದುಹೋಯಿತು. ಪೈಲಟ್ ಎಚ್‌ಎಎಲ್ ವಿಮಾನ ನಿಲ್ದಾಣದಲ್ಲಿ ಇಳಿಸಿದರು. ಸಂದರ್ಶನಕ್ಕೆಂದು ಟಿವಿ ವಾಹಿನಿಯವರೂ ಅದರಲ್ಲಿದ್ದರು. ಆ ದಿನ ಸುದ್ದಿಯಾದದ್ದು ನಾಯಕರು ಪಾರಾದರು ಎಂಬುದು. ಗಾಜಿನ ಮಾತು ಯಾರೂ ಆಡಿದ ಹಾಗಿಲ್ಲ. ಅಮೆರಿಕದ ನಿಯಮದ ಪ್ರಕಾರ ದೊಡ್ಡ ಹೆಲಿಕಾಪ್ಟರುಗಳು ಒಂದು ಕಿಲೋ ತೂಕದ ಹಕ್ಕಿ ಬಡಿದರೂ ಸುರಕ್ಷಿತವಾಗಿ ಇಳಿಯುವಂತಿರಬೇಕು. 3,175 ಕಿಲೋವರೆಗಿನ ಚಿಕ್ಕ ಹೆಲಿಕಾಪ್ಟರುಗಳಿಗೆ ಹಕ್ಕಿಯ ಪರೀಕ್ಷೆಯೇ ಇಲ್ಲ. ಚಿಕ್ಕ ಹೆಲಿಕಾಪ್ಟರಿನಲ್ಲಿ ಕೂರುವವರ ಮುಖ ಚಿಕ್ಕದಾಗಿರುತ್ತದೆಯೇ?

ನಮ್ಮ ನೆಲದಲ್ಲೇ ಹೆಲಿಕಾಪ್ಟರ್ ತಯಾರಾಗುತ್ತಿದೆ ಎಂಬುದು ಇನ್ನೊಂದು ಕಾರಣ. ತುಮಕೂರು ಜಿಲ್ಲೆ ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ 615 ಎಕರೆಯಲ್ಲಿ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆ 2023ರ ಫೆಬ್ರವರಿ 6ರಂದು ಉದ್ಘಾಟನೆಯಾಯಿತು. ತನ್ನ ಹೊಸ ನಾಗರಿಕ ಹೆಲಿಕಾಪ್ಟರ್ ಧ್ರುವ್ ಎನ್‌ಜಿಯಲ್ಲಿ ಅಪಘಾತ ತಡೆದುಕೊಳ್ಳುವ ಸೀಟು, ತೂತು ತಾನೇ ಮುಚ್ಚಿಕೊಳ್ಳುವ ಟ್ಯಾಂಕ್ ಇದೆ ಎಂದು ಎಚ್‌ಎಎಲ್ ಹೇಳಿಕೊಂಡಿದೆ. ಒಳ್ಳೆಯದು. ಹಾಗಿದ್ದರೆ ಇದು ನಮ್ಮ ಎಂಜಿನಿಯರುಗಳ ಕೈಗೆ ಎಟುಕದ ವಿದ್ಯೆಯಲ್ಲ. ಕೊಳ್ಳುವವರು, ಬಾಡಿಗೆಗೆ ತರುವವರು ಕೇಳಬೇಕು, ಅಷ್ಟೇ.

ವಿರೋಧದ ಮಾತುಗಳನ್ನೂ ನಾವು ಕೇಳಿಸಿಕೊಂಡಿದ್ದೇವೆ. ಬೆಟ್ಟಕ್ಕೆ ನೇರ ಬಡಿದರೆ ಯಾವ ಸೀಟು ಉಳಿಸುತ್ತದೆ ಎನ್ನುತ್ತಾರೆ. ನಿಜ, ಉಳಿಸುವುದಿಲ್ಲ. ಮಂಜಿನಲ್ಲಿ ಹಾರದಿರುವುದೇ ಅದಕ್ಕೆ ಪರಿಹಾರ. ನಮ್ಮ ಮಾತು ಇಳಿಯುವಾಗ, ಏರುವಾಗ, ಕಡಿಮೆ ಎತ್ತರದಲ್ಲಿ ಆಗುವ, ಬದುಕಲು ಸಾಧ್ಯವಿರುವ ಅಪಘಾತಗಳದ್ದು. ಹೆಲ್ಮೆಟ್ ಹಾಕಿದವರೂ ಲಾರಿ ಅಡಿಗೆ ಬಿದ್ದು ಸಾಯುತ್ತಾರೆ ಎಂದು ಹೆಲ್ಮೆಟ್ ಬೇಡ ಎನ್ನುವುದಿಲ್ಲವಲ್ಲ. ಎರಡನೆಯದು ತೂಕ ಮತ್ತು ದುಡ್ಡು. ಗಟ್ಟಿ ಟ್ಯಾಂಕ್, ಜಾರುವ ಸೀಟು ತೂಕ ಹೆಚ್ಚಿಸುತ್ತವೆ, ಅಷ್ಟರ ಮಟ್ಟಿಗೆ ಜನ ಅಥವಾ ಇಂಧನ ಕಡಿಮೆಯಾಗಬೇಕು, ಟಿಕೆಟ್ ದರ ಏರಬಹುದು. ಇದೂ ನಿಜ. ಆದರೆ ಈಗ ಆ ಉಳಿತಾಯದ ಅಪಾಯ ಹೊರುತ್ತಿರುವವರು ಪ್ರಯಾಣಿಕರು, ಅದೂ ಅವರಿಗೆ ತಿಳಿಸದೆ. ತಿಳಿಸಿ, ಆಮೇಲೆ ದರ ಹೇಳಿ. ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ಆಕಾಶದಿಂದ ಊರು ನೋಡಲು ಬಂದ ತಾಯಿ ಯಾವುದನ್ನು ಆರಿಸುತ್ತಾಳೆ ಎಂದು ಅವಳನ್ನೇ ಕೇಳಿ.

ಹಾಗಾದರೆ ಏನು ಮಾಡಬೇಕು?

ಒಂದು, ಸರ್ಕಾರವಾಗಲಿ ಜಿಲ್ಲಾಡಳಿತವಾಗಲಿ ಉತ್ಸವಕ್ಕೆ, ಚುನಾವಣೆಗೆ, ಪ್ರವಾಸಕ್ಕೆ ಹೆಲಿಕಾಪ್ಟರ್ ಗೊತ್ತುಮಾಡುವಾಗ ಟೆಂಡರಿನಲ್ಲಿ ಮೂರು ಸಾಲು ಸೇರಿಸಲಿ. ಟ್ಯಾಂಕ್ 50 ಅಡಿ ಪರೀಕ್ಷೆಯಲ್ಲಿ ಗೆದ್ದದ್ದೇ? ಪ್ರಯಾಣಿಕರ ಸೀಟು ಪೆಟ್ಟು ನುಂಗುವ ಪರೀಕ್ಷೆಯಲ್ಲಿ ಗೆದ್ದದ್ದೇ? ಪ್ರತಿ ಸೀಟಿಗೂ ಭುಜದ ಬೆಲ್ಟು ಇದೆಯೇ? ಹೆಲಿಕಾಪ್ಟರ್ ಯಾವ ವರ್ಷ ತಯಾರಾಯಿತು ಎಂದು ಕೇಳಿದರೆ ಸಾಲದು, ಯಾವ ವರ್ಷದ ನಿಯಮಕ್ಕೆ ಟ್ಯಾಂಕ್ ಮತ್ತು ಸೀಟು ಹೊಂದುತ್ತವೆ ಎಂದು ಕೇಳಬೇಕು.

ಎರಡು, ಟಿಕೆಟ್ ಕೌಂಟರಿನ ಮುಂದೆ ಇದರ ಉತ್ತರ ಕನ್ನಡದಲ್ಲಿ ಬರೆದು ಹಾಕಲಿ. ಹತ್ತುವ ಮುಂಚೆ ಪ್ರತಿಯೊಬ್ಬರೂ ಬೆಲ್ಟನ್ನು ತಮ್ಮ ಕೈಯಾರೆ ಒಮ್ಮೆ ಹಾಕಿ ಬಿಚ್ಚಲಿ, ಬಾಗಿಲಿನ ಹಿಡಿಕೆ ಮುಟ್ಟಿ ನೋಡಲಿ. ಇದಕ್ಕೆ ಎರಡು ನಿಮಿಷ ಸಾಕು, ದುಡ್ಡು ಬೇಡ.

ಮೂರು ನಮ್ಮ ವೃತ್ತಿಯವರಿಗೆ. ಭಾರತದಲ್ಲಿ ವಿಮಾನ ಅಪಘಾತಗಳ ತನಿಖೆ ನಡೆಸುವ ಎಎಐಬಿ ತನ್ನ ವರದಿಗಳನ್ನು ಸಾರ್ವಜನಿಕವಾಗಿ ಪ್ರಕಟಿಸುತ್ತದೆ. ಅಂತರರಾಷ್ಟ್ರೀಯ ಮಾದರಿಯ ಪ್ರಕಾರ ಇಂಥ ವರದಿಯಲ್ಲಿ 1.14ನೇ ಭಾಗ ಬೆಂಕಿಯದ್ದು, 1.15ನೇ ಭಾಗ ಬದುಕುಳಿಯುವ ಸಾಧ್ಯತೆಯದ್ದು. ಹಲವು ವರದಿಗಳಲ್ಲಿ ಈ ಭಾಗ ಒಂದೆರಡು ಸಾಲಿಗೆ ಮುಗಿದಿರುತ್ತದೆ. ಬೆಲ್ಟು ತುಂಡಾಯಿತೇ, ಸೀಟು ಕಿತ್ತುಬಂತೇ, ಟ್ಯಾಂಕ್ ಎಲ್ಲಿ ಒಡೆಯಿತು, ಬಾಗಿಲು ತೆರೆಯಿತೇ ಎಂಬುದು ಅಲ್ಲಿರಬೇಕು. ಇಲ್ಲದಿದ್ದರೆ ಇಲ್ಲ ಎಂಬುದೇ ಸುದ್ದಿ.

ಜಿಲ್ಲಾ ವರದಿಗಾರರಿಗೆ ಹೆಲಿಪ್ಯಾಡ್ ಹೊಸದಲ್ಲ. ಮೈದಾನದಲ್ಲಿ ಸುಣ್ಣದಲ್ಲಿ ಎಚ್ ಬರೆದು, ಧೂಳೇಳದಂತೆ ಟ್ಯಾಂಕರಿನಲ್ಲಿ ನೀರು ಹೊಡೆದು, ಅಗ್ನಿಶಾಮಕ ವಾಹನ ನಿಲ್ಲಿಸಿದ್ದನ್ನು ನೋಡುತ್ತಲೇ ಇರುತ್ತೇವೆ. ಹೆಲಿಕಾಪ್ಟರ್ ಇಳಿಯುವ ಜಾಗಕ್ಕೆ ಇಷ್ಟು ಸಿದ್ಧತೆ ಬೇಕು ಎಂದು ಒಪ್ಪಿಕೊಂಡವರು, ಅದರ ಒಳಗಿನ ಸೀಟಿನ ಬಗ್ಗೆ ಕೇಳಿದರೆ ಉತ್ತರ ಕೊಡಲೇಬೇಕು. ಮುಂದಿನ ಉತ್ಸವದ ಪತ್ರಿಕಾಗೋಷ್ಠಿಯಲ್ಲಿ ಟಿಕೆಟ್ ದರ ಬರೆದುಕೊಂಡ ಮೇಲೆ ಮೇಲಿನ ಮೂರು ಪ್ರಶ್ನೆಗಳನ್ನು ಅಧಿಕಾರಿಗಳ ಮುಂದಿಡಿ. ಬಂದ ಉತ್ತರವನ್ನು, ಬಾರದಿದ್ದರೆ ಬರಲಿಲ್ಲ ಎಂಬುದನ್ನು, ದರದ ಪಕ್ಕದಲ್ಲೇ ಅಚ್ಚು ಹಾಕಿ.